ತಟ್ಟೆಯಲ್ಲೊಂದು ಬಳ್ಳಾರಿ ಜಾಲಿ

(ಸಿರಿಗೇರಿಯಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಪಾಠ ಹೇಳುವವರಿಗೆ ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಭಾಷೆಯ ಬಗ್ಗೆ ಇಲ್ಲವೇ ಹತ್ತನೆಯ ತರಗತಿಯ ಫಲಿತಾಂಶದ ಬಗ್ಗೆ ಮಾತನಾಡಲು ಹೇಳುತ್ತಾರೆ. ಈ ಸಲ ಹಿರಿಯರು ಕರೆದು, 'ಶಾಲೆಯ ಹಿಂಬದಿಯಲ್ಲಿ ಮಕ್ಕಳು ಪುಟ್ಟಿಗಳಲ್ಲಿ ಜಾಲಿ ಗಿಡ ಬೆಳೆಸುತ್ತಿದ್ದಾರಂತಲ್ಲ, ಅದೇನು ಅಂತ ನಾಲ್ಕು ಮಾತು ಹೇಳಿ' ಎಂದರು. ಊರೆಲ್ಲ ಕಡಿದು ಬಿಸಾಡುವ ಜಾಲಿಯನ್ನು ಮಕ್ಕಳು ನೀರು ಹಾಕಿ ಸಾಕುತ್ತಿದ್ದಾರೆ ಎಂದರೆ ಪಾಲಕರಿಗೆ ಪ್ರಶ್ನೆ ಏಳುವುದು ಸಹಜ. ಆ ಪ್ರಶ್ನೆಗೆ ಉತ್ತರ ಹೇಳುವುದೇ ನನ್ನ ಈ ಹೊತ್ತಿನ ಕೆಲಸ.

ಮಕ್ಕಳು ಮಾಡುತ್ತಿರುವುದಕ್ಕೆ ಬೋನ್ಸಾಯ್ ಎನ್ನುತ್ತಾರೆ. ಇದು ಜಪಾನಿ ಮಾತು. 'ಬೋನ್' ಎಂದರೆ ತಟ್ಟೆ, 'ಸಾಯ್' ಎಂದರೆ ನೆಡುವುದು. ಮರವಾಗಿ ಬೆಳೆಯುವ ಗಿಡವನ್ನು ಆಳವಿಲ್ಲದ ತಟ್ಟೆಯಲ್ಲಿ ನೆಟ್ಟು, ಬೇರು ಮತ್ತು ಕೊಂಬೆಗಳನ್ನು ಆಗಾಗ ಸವರುತ್ತಾ, ವಯಸ್ಸಾದ ದೊಡ್ಡ ಮರದ ರೂಪ ಬರುವಂತೆ ಸಾಕುವ ಕಲೆ ಇದು. ಮೂಲ ಚೀನಾದ್ದು. ಚೀನಾದ ರಾಜಕುಮಾರ ಝಾಂಗ್‌ಹುವಾಯ್‌ನ ಗೋರಿಯನ್ನು 706ರಲ್ಲಿ ಕಟ್ಟಿದರು. ಅದರ ಗೋಡೆಯ ಚಿತ್ರದಲ್ಲಿ ಸೇವಕನೊಬ್ಬ ಚಿಕ್ಕ ಗಿಡಗಳಿರುವ ತಟ್ಟೆ ಹಿಡಿದು ನಿಂತಿದ್ದಾನೆ. ಅಂದರೆ ಈ ಕಲೆಗೆ ಕಡಿಮೆಯೆಂದರೂ ಸಾವಿರದ ಮುನ್ನೂರು ವರ್ಷವಾಯಿತು. ನಮ್ಮ ರಾಜ್ಯದಲ್ಲಿ ಇದನ್ನು ಕಣ್ಣಾರೆ ನೋಡಬೇಕೆಂದರೆ ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ತೋಟಕ್ಕೆ ಹೋಗಬಹುದು. ಬೆಂಗಳೂರಿನ ಲಾಲ್‌ಬಾಗಿನಲ್ಲೂ ಬೋನ್ಸಾಯ್ ತೋಟವಿದೆ. 1760ರಲ್ಲಿ ಹೈದರ್ ಅಲಿ ಹಾಕಿಸಿದ, ಟಿಪ್ಪು ಸುಲ್ತಾನರು ದೂರದ ದೇಶಗಳಿಂದ ಗಿಡ ತರಿಸಿ ಬೆಳೆಸಿದ ತೋಟ ಅದು.

ಆ ತೋಟಗಳನ್ನು ನೋಡಿ ಬಂದವರು 'ಅದೆಲ್ಲ ನೆರಳು, ತಂಪು ಇರುವ ಊರಿನವರಿಗೆ, ನಮ್ಮ ಬಿಸಿಲಿಗೆಲ್ಲಿ?' ಎಂದು ಕೇಳುತ್ತಾರೆ. ನಮ್ಮ ನೆಲವನ್ನು ಒಮ್ಮೆ ನೋಡಿಕೊಳ್ಳೋಣ. ಸಿರುಗುಪ್ಪ, ಕುರುಗೋಡು ಕಡೆ ತುಂಗಭದ್ರಾ ಕಾಲುವೆಯ ನೀರು ಬಂದಲ್ಲಿ ಭತ್ತದ ಹಸಿರು ಕಾಣುತ್ತದೆ. ನೀರು ಬಾರದಲ್ಲಿ ಮಳೆ ನಂಬಿದ ಎರೆ ಹೊಲ, ಜೋಳ, ಕಡಲೆ, ಹತ್ತಿ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಜಿಲ್ಲೆಗಳ ಸಾಲಿನಲ್ಲಿ ಬಳ್ಳಾರಿ ಇದೆ. ವೇದಾವತಿ, ಅಂದರೆ ನಮ್ಮ ಹಗರಿ, ವರ್ಷದ ಹೆಚ್ಚು ದಿನ ಬರೀ ಮರಳಿನ ಹೊಳೆ. ಇದೇ ಹೊಳೆಯ ಮೇಲ್ಭಾಗದಲ್ಲಿ, ಬಳ್ಳಾರಿ ದಾಟಿ ಆಂಧ್ರದ ಬೊಮ್ಮನಹಾಳ್, ಕಣೇಕಲ್ಲು ಕಡೆ ಹೋದರೆ ಗಾಳಿಗೆ ಎದ್ದ ಮರಳು ದಿಬ್ಬಗಳು ಹೊಲಗಳ ಮೇಲೆ ಏರಿ ಬಂದಿರುವುದನ್ನು ನೋಡಬಹುದು. ನಮ್ಮದು ಮರುಭೂಮಿಯಲ್ಲ, ಆದರೆ ಮರುಭೂಮಿಯ ನೆಂಟಸ್ತಿಕೆ ಇರುವ ನೆಲ. ಇಲ್ಲಿ ತಾನಾಗಿ ಬೆಳೆಯುವ ಜಾಲಿ, ಬನ್ನಿ, ಬಾರಿ, ಹುಣಸೆ, ಬೇವು ಎಲ್ಲವೂ ನೀರಿಲ್ಲದೆ ಬದುಕುವ ವಿದ್ಯೆ ಕಲಿತವು.

ಈ ವಿದ್ಯೆಯೇ ಬೋನ್ಸಾಯ್‌ಗೆ ಬಂಡವಾಳ. ಇವುಗಳಲ್ಲಿ ಜಾಲಿ, ಬನ್ನಿ, ಹುಣಸೆಗಳ ಎಲೆ ಚಿಕ್ಕ ಚಿಕ್ಕ ಎಸಳುಗಳಾಗಿ ಒಡೆದಿರುತ್ತದೆ. ಬಿಸಿಲಿಗೆ ನೀರು ಆರದಿರಲಿ ಎಂದು ಗಿಡ ಮಾಡಿಕೊಂಡ ಏರ್ಪಾಟು ಅದು. ಎಲೆ ಸಣ್ಣದಾಗಿದ್ದರೆ ಒಂದು ಗೇಣಿನ ಗಿಡವೂ ಕಣ್ಣಿಗೆ ದೊಡ್ಡ ಮರದಂತೆ ಕಾಣುತ್ತದೆ. ಕಡಿದಷ್ಟೂ ಚಿಗುರುವ ಛಲ ಇವುಗಳ ಬೇರಿನಲ್ಲಿದೆ. ಕೆರೆಯ ಏರಿಯ ಮೇಲೆ ಮೇಕೆ ಮೇಯ್ದು ಮೇಯ್ದು ಗಿಡ್ಡಗಾದ ಜಾಲಿಯನ್ನು ಕುಳಿತು ನೋಡಿ. ಬುಡ ಮಣಿಕಟ್ಟಿನಷ್ಟು ದಪ್ಪ, ಎತ್ತರ ಮೊಣಕಾಲಿಗೂ ಬಾರದು, ಗಾಳಿ ಬೀಸುವ ಕಡೆಗೆ ಮೈ ಬಾಗಿದೆ, ತೊಗಟೆ ಸೀಳಿದೆ. ಜಪಾನಿನ ತೋಟಗಾರ ಹತ್ತಾರು ವರ್ಷ ಕೂತು ತರುವ ರೂಪವನ್ನು ನಮ್ಮ ಮೇಕೆ, ಕೊಡಲಿ ಮತ್ತು ಗಾಳಿ ಸೇರಿ ಆಗಲೇ ಮುಕ್ಕಾಲು ಭಾಗ ತಂದಿಟ್ಟಿರುತ್ತವೆ.

ಹಾಗಾದರೆ ಗುದ್ದಲಿ ಹಿಡಿದು ಹೋಗಿ ಚೆಂದ ಕಂಡದ್ದನ್ನೆಲ್ಲ ಕಿತ್ತು ತರೋಣವೇ? ಬೇಡ. ನನ್ನ ಮಾತಿನಲ್ಲಿ ನೀವು ನೆನಪಿಡಬೇಕಾದದ್ದು ಇದೊಂದೇ: ಯಾವುದನ್ನು ತರಬಹುದು, ಯಾವುದನ್ನು ಮುಟ್ಟಬಾರದು ಎಂದು ತಿಳಿದ ಮೇಲೆಯೇ ಈ ಕೆಲಸಕ್ಕೆ ಕೈ ಹಾಕಬೇಕು.

ಜಪಾನಿನಲ್ಲಿ ಬೆಟ್ಟದಿಂದ ಕಿತ್ತು ತಂದ ಗಿಡಗಳಿಗೆ 'ಯಾಮಾದೊರಿ' ಎಂಬ ಹೆಸರಿದೆ. ಇತೊಯಿಗಾವಾ ಎಂಬ ಕಡೆ ಕಡಿದಾದ ಬಂಡೆಗಳ ಮೇಲೆ ಶಿಂಪಾಕು ಎಂಬ ಜೂನಿಪರ್ ಗಿಡಗಳು ಬೆಳೆಯುತ್ತಿದ್ದವು. ಒಳ್ಳೆಯ ಬೆಲೆ ಬರುತ್ತದೆಂದು ಹಗ್ಗ ಕಟ್ಟಿಕೊಂಡು ಇಳಿದು ಕಿತ್ತರು. ಕೊನೆಗೆ ಬಂಡೆಯ ಮೇಲೆ ಹುಡುಕಿದರೂ ಒಳ್ಳೆಯ ಗಿಡ ಸಿಗುವುದು ಕಷ್ಟವಾಯಿತು. ಕಲೆಯ ಹೆಸರಿನಲ್ಲಿ ಬೆಟ್ಟ ಬೋಳಾದರೆ ಆ ಕಲೆಗೆ ಏನು ಬೆಲೆ?

ನಮ್ಮಲ್ಲಿ ಆ ಸರದಿ ಬರಬಾರದ ಮರ ಬನ್ನಿ. ವಿಜಯದಶಮಿಯ ದಿನ ಊರಿನ ಜನ ಬನ್ನಿ ಎಲೆ ಹಂಚಿ 'ಬಂಗಾರದಂಗ ಇರೋಣ' ಎನ್ನುತ್ತಾರಲ್ಲ, ಅದೇ ಮರ. ರಾಜಸ್ಥಾನದಲ್ಲಿ ಇದನ್ನು ಖೇಜಡಿ ಎನ್ನುತ್ತಾರೆ, ಆ ರಾಜ್ಯದ ಮರವೇ ಇದು. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿ ಎಂಬ ಹಳ್ಳಿಯಲ್ಲಿ ಅರಸನ ಕಡೆಯವರು ಈ ಮರ ಕಡಿಯಲು ಬಂದಾಗ ಬಿಷ್ನೋಯಿ ಸಮುದಾಯದ 363 ಜನ ಮರ ಅಪ್ಪಿಕೊಂಡು ಪ್ರಾಣ ಕೊಟ್ಟರು. ನಮ್ಮ ಮನೆಗಳಿಂದ ದುಬೈ, ಅಬುಧಾಬಿಗೆ ದುಡಿಯಲು ಹೋದವರು ಅಲ್ಲಿ 'ಗಾಫ್' ಎಂಬ ಮರ ನೋಡಿರುತ್ತೀರಿ. ಆ ದೇಶದ ರಾಷ್ಟ್ರೀಯ ಮರ ಅದು. 2019ನ್ನು ಅಲ್ಲಿ ಸಹಿಷ್ಣುತೆಯ ವರ್ಷ ಎಂದು ಆಚರಿಸಿದಾಗ ಗಾಫ್ ಮರವನ್ನೇ ಗುರುತಾಗಿ ಇಟ್ಟುಕೊಂಡರು. ಆ ಗಾಫ್ ಬೇರೆಯಲ್ಲ, ನಮ್ಮ ಹೊಲದ ಬದುವಿನ ಬನ್ನಿಯೇ. ಇದರ ತಾಯಿ ಬೇರು ಬಹಳ ಆಳಕ್ಕೆ ಇಳಿಯುತ್ತದೆ. ವಯಸ್ಸಾದ ಬನ್ನಿಯನ್ನು ಕಿತ್ತರೆ ಬೇರು ತುಂಡಾಗಿ ಅದು ಉಳಿಯುವ ಭರವಸೆ ಇಲ್ಲ. ಬದುಗಳನ್ನು ಜೆಸಿಬಿಯಿಂದ ಸಮ ಮಾಡುವ ಈ ಕಾಲದಲ್ಲಿ ನಿಂತಿರುವ ಹಳೆಯ ಬನ್ನಿ, ಕರಿಜಾಲಿ, ಕಮರ ಮರಗಳು ನಿಂತಲ್ಲೇ ನಿಲ್ಲಲಿ. ಗುಗ್ಗುಳ ಕಂಡರಂತೂ ಕೈ ಮುಗಿದು ಬನ್ನಿ. ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಗಿಡ ಎಂದು ಜಾಗತಿಕ ಪಟ್ಟಿಯಲ್ಲಿ ಸೇರಿದೆ. ಅರಣ್ಯದ ಗಡಿಯೊಳಗಿನಿಂದ ಯಾವ ಗಿಡ ಕಿತ್ತರೂ ಅಪರಾಧ. ಬೇರೆಯವರ ಹೊಲವಾದರೆ ಯಜಮಾನರ ಒಪ್ಪಿಗೆ ಬೇಕು.

ಇನ್ನು ಧಾರಾಳವಾಗಿ ತರಬಹುದಾದ ಗಿಡಕ್ಕೆ ಬರೋಣ. ಅದು ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ. ಭಾಷೆಯ ಶಿಕ್ಷಕರಾದ ನಮಗೆ ಇದರ ಹೆಸರುಗಳೇ ಒಂದು ಪಾಠ. ಉರ್ದುವಿನಲ್ಲಿ ಇದು ವಿಲಾಯತಿ ಬಬೂಲ್, ಅಂದರೆ ಪರದೇಶದ ಜಾಲಿ. ತಮಿಳರು ಸೀಮೈ ಕರುವೇಲಂ ಎನ್ನುತ್ತಾರೆ, ಅಲ್ಲಿಯೂ ಅದು ಸೀಮೆಯಾಚೆಯದು. ತೆಲುಗಿನವರು ಸರ್ಕಾರು ತುಮ್ಮ ಎಂದು ಸರ್ಕಾರದ ತಲೆಗೆ ಕಟ್ಟಿದ್ದಾರೆ. ಕನ್ನಡದಲ್ಲಿ ಮಾತ್ರ ಅದಕ್ಕೆ ಬಳ್ಳಾರಿಯ ಹೆಸರು ಬಿದ್ದಿದೆ. ನಿಜದಲ್ಲಿ ಇದು ಅಮೆರಿಕ ಖಂಡದ ಒಣ ಪ್ರದೇಶದ ಗಿಡ. ಉರುವಲಿಗೆ ಆಗಲೆಂದು ಬ್ರಿಟಿಷ್ ಅಧಿಕಾರಿಗಳು 1877ರ ಸುಮಾರಿಗೆ ಬೀಜ ತರಿಸಿ ಕಡಪ ಜಿಲ್ಲೆಯಲ್ಲಿ ಹಾಕಿಸಿದರು. ಆಗ ಕಡಪ, ಬಳ್ಳಾರಿ ಎರಡೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಜೋಧಪುರ ಸಂಸ್ಥಾನ 1940ರಲ್ಲಿ ಇದನ್ನು ರಾಜವೃಕ್ಷವೆಂದು ಸಾರಿ ರಕ್ಷಣೆ ಕೊಟ್ಟಿತ್ತು. ಅದೇ ಗಿಡ ಮುಂದೆ ಗುಜರಾತಿನ ಕಛ್‌ನಲ್ಲಿರುವ ವಿಶಾಲವಾದ ಹುಲ್ಲುಗಾವಲನ್ನು ನುಂಗತೊಡಗಿತು. ಆ ಹುಲ್ಲುಗಾವಲಿನ ಹೆಸರೂ ಬನ್ನಿ ಎಂಬುದು ಕಾಕತಾಳೀಯ. ಸಿಹಿಯಾದ ಕಾಯಿಯನ್ನು ದನ ಮೇಕೆಗಳು ತಿಂದು, ಬೀಜ ಸಗಣಿ ಹಿಕ್ಕೆಯಲ್ಲಿ ಬಿದ್ದು, ಹೋದಲ್ಲೆಲ್ಲ ಮೊಳೆಯುತ್ತದೆ. ಪುಸ್ತಕಗಳಲ್ಲಿ ಇದರ ಹೆಸರು ಪ್ರೊಸೋಪಿಸ್ ಜೂಲಿಫ್ಲೋರಾ ಎಂದಿರುತ್ತದೆ. 2022ರಿಂದ ವಿಜ್ಞಾನಿಗಳು ಇದನ್ನು ನೆಲ್ಟುಮಾ ಎಂಬ ಬೇರೆ ಕುಲಕ್ಕೆ ಸೇರಿಸಿದ್ದಾರೆ. ವಿದ್ಯಾರ್ಥಿಗಳು ಎರಡೂ ಹೆಸರು ತಿಳಿದಿರಲಿ.

ಕೆರೆ, ಹಳ್ಳ, ಗೋಮಾಳ ಎಲ್ಲ ಕಡೆ ಹಬ್ಬಿರುವ ಈ ಜಾಲಿಯಿಂದ ಹತ್ತು ಮೋಟು ತಂದರೆ ನೆಲಕ್ಕೆ ನಷ್ಟವಿಲ್ಲ, ಉಪಕಾರವೇ ಆಯಿತು. ಆದ್ದರಿಂದಲೇ ನಮ್ಮ ಮಕ್ಕಳು ಇದರಿಂದ ಶುರು ಮಾಡಿದರು.

ಇಲ್ಲಿ ಒಬ್ಬ ವಿದ್ಯಾರ್ಥಿಯ ಮಾತು ಹೇಳಬೇಕು, ಹೆಸರು ಬೇಡ. ಅವನ ಮನೆಯವರು ಜಾಲಿ ಕಡಿದು ಇದ್ದಿಲು ಸುಡುವವರು. ತರಗತಿಯಲ್ಲಿ ಹಿಂದಿನ ಬೆಂಚು, ಓದಲು ನಿಲ್ಲಿಸಿದರೆ ಧ್ವನಿ ಬರುತ್ತಿರಲಿಲ್ಲ. ಮೋಟು ತೆಗೆಯಲು ಹೋದ ದಿನ ಮಕ್ಕಳೆಲ್ಲ ಕಂಡಲ್ಲಿ ಅಗೆಯತೊಡಗಿದಾಗ ಅವನು ಮುಂದೆ ಬಂದು ಹೇಳಿದ: 'ನೆಲದ ಮ್ಯಾಲೆ ಎಷ್ಟು ಕಡದ್ರೂ ಇದು ಸಾಯಂಗಿಲ್ರಿ. ನೆಲದೊಳಗ ಒಂದು ಗೇಣು ಇಳದು, ಬುಡದ ಗಂಟು ಕಡದ್ರ ಮಾತ್ರ ಸಾಯ್ತೈತಿ. ಗಂಟು ಉಳಿಸ್ಕೊಂಡು ತಗೀರಿ.' ವಿಜ್ಞಾನವೂ ಇದನ್ನೇ ಹೇಳುತ್ತದೆ. ಜಾಲಿಯ ನಿದ್ದೆಯ ಮೊಗ್ಗುಗಳು ನೆಲಮಟ್ಟಕ್ಕೆ ಸ್ವಲ್ಪ ಕೆಳಗಿನ ಆ ಗಂಟಿನಲ್ಲಿರುತ್ತವೆ. ಹೊಲ ಹಸನು ಮಾಡುವವರು ಅದನ್ನು ಕಡಿಯಬೇಕು, ಬೋನ್ಸಾಯ್ ಮಾಡುವವರು ಅದನ್ನು ಕಾಯಬೇಕು. ಆ ದಿನದಿಂದ ಮೋಟು ಆರಿಸುವುದಕ್ಕೆ ಅವನೇ ನಮ್ಮ ಉಸ್ತಾದ್. ಅಪ್ಪನ ಕೆಲಸದಿಂದ ಕಲಿತದ್ದು ಶಾಲೆಯಲ್ಲಿ ಬೆಲೆ ಪಡೆಯಿತು ಎಂಬುದು ಅವನ ಕಣ್ಣಿನಲ್ಲಿ ಕಾಣುತ್ತಿತ್ತು.

ಮೋಟು ತೆಗೆಯುವ ಕ್ರಮವನ್ನು ಚಿಕ್ಕದಾಗಿ ಹೇಳುತ್ತೇನೆ. ಜೂನ್ ತಿಂಗಳಲ್ಲಿ ಒಂದೆರಡು ಒಳ್ಳೆಯ ಮಳೆ ಬಿದ್ದ ಮೇಲೆ ಹೋಗಬೇಕು. ಆಗ ನೆಲವೂ ಮೆತ್ತಗಿರುತ್ತದೆ, ಗಿಡವೂ ಚಿಗುರುವ ಉಮೇದಿನಲ್ಲಿರುತ್ತದೆ. ಕಾಲಿಗೆ ದಪ್ಪ ಅಟ್ಟೆಯ ಚಪ್ಪಲಿ, ಕೈಗೆ ಚರ್ಮದ ಗವಸು ಇರಲೇಬೇಕು. ಜಾಲಿ ಮುಳ್ಳು ಮುರಿದುಕೊಂಡರೆ ಕೀವಾಗಿ ಬಹಳ ದಿನ ಕಾಡುತ್ತದೆ. ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ದಪ್ಪವಿರುವ, ಬುಡದಲ್ಲೇ ಬಾಗಿರುವ ಮೋಟು ಆರಿಸಿಕೊಂಡು, ಸುತ್ತ ಒಂದು ಗೇಣು ಬಿಟ್ಟು ಅಗೆಯಿರಿ. ತಾಯಿ ಬೇರನ್ನು ಗರಗಸದಿಂದ ಕೊಯ್ಯಿರಿ, ಕೊಡಲಿಯಿಂದ ಹೊಡೆದು ಸೀಳಬೇಡಿ. ಪಕ್ಕದ ನಾರು ಬೇರುಗಳು ಎಷ್ಟು ಉಳಿದರೆ ಅಷ್ಟು ಲಾಭ. ಮೇಲಿನ ಕೊಂಬೆಗಳನ್ನು ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಸವರಿ, ಒದ್ದೆ ಗೋಣಿಯಲ್ಲಿ ಬೇರು ಸುತ್ತಿ ತನ್ನಿ. ಬೇರು ಬಿಸಿಲು ನೋಡಬಾರದು.

ತಂದ ತಕ್ಷಣ ತಟ್ಟೆಯಲ್ಲಿ ಇಡುವ ಆಸೆ ಬೇಡ. ಮೊದಲು ತಳಕ್ಕೆ ತೂತು ಮಾಡಿದ ಬಕೆಟ್ಟಿನಲ್ಲಿ ದಪ್ಪ ಮರಳು ತುಂಬಿ ನೆಟ್ಟು, ನೆರಳಿನಲ್ಲಿ ಇಡಬೇಕು. ಎರಡು ಮೂರು ವಾರದಲ್ಲಿ ಚಿಗುರು ಬಂದರೆ ಮಕ್ಕಳು ಕುಣಿದಾಡುತ್ತಾರೆ. ಅದು ಮೋಟಿನೊಳಗೆ ಕೂಡಿಟ್ಟ ಬುತ್ತಿಯಿಂದ ಬಂದ ಚಿಗುರು, ಹೊಸ ಬೇರು ಬಂದಿರುವುದಿಲ್ಲ. ಅಲುಗಾಡಿಸಿ ನೋಡಿದರೆ ಸಾಯುತ್ತದೆ. ಮೊದಲ ವರ್ಷ ಬರೀ ನೀರು, ನೋಟ, ಕಾಯುವುದು. ಎರಡನೆಯ ವರ್ಷ ಎಳೆಯ ರೆಂಬೆಗಳಿಗೆ ತಂತಿ ಸುತ್ತಿ ಬಗ್ಗಿಸಬಹುದು. ಜಾಲಿಯ ರೆಂಬೆ ಬಲಿತರೆ ಮುರಿಯುತ್ತದೆ, ಎಳೆಯದಿದ್ದಾಗಲೇ ಕೆಲಸ ಆಗಬೇಕು. ತಂತಿ ತೊಗಟೆಯೊಳಗೆ ಇಳಿಯುವ ಮುನ್ನ ಕತ್ತರಿಸಿ ತೆಗೆಯಬೇಕು, ಬಿಚ್ಚಲು ಹೋಗಬಾರದು. ಮೂರು ನಾಲ್ಕು ವರ್ಷಕ್ಕೆ ತಟ್ಟೆ. ತಂದದ್ದೆಲ್ಲ ಬದುಕುವುದಿಲ್ಲ, ಆದ್ದರಿಂದಲೇ ಹೇರಳವಾಗಿರುವ ಗಿಡದ ಮೇಲೆ ಕೈ ಪಳಗಿಸಿಕೊಳ್ಳಬೇಕು.

ಮೋಟು ಎಲ್ಲಿ ಸಿಗುತ್ತದೆ ಎಂದು ದೂರ ಹುಡುಕಬೇಕಿಲ್ಲ. ಶಬೆ ಬರಾತ್‌ಗೆ ಮುಂಚೆ ನಾವೆಲ್ಲ ಸೇರಿ ಕಬ್ರಸ್ತಾನದ ಜಾಲಿ ಕಡಿದು ಹಸನು ಮಾಡುತ್ತೇವೆ. ಕಂಪೌಂಡು ಗೋಡೆಯ ಪಕ್ಕ, ದಾರಿಯ ಅಂಚಿನಲ್ಲಿ ಇರುವ ಮೋಟುಗಳನ್ನು ಗುರುತು ಮಾಡಿ, ಮಳೆಗಾಲದವರೆಗೆ ಬಿಟ್ಟು, ಕಮಿಟಿಯವರ ಒಪ್ಪಿಗೆ ಪಡೆದು ತೆಗೆಯಬಹುದು. ಕಬರುಗಳ ಹತ್ತಿರ ಮಾತ್ರ ಯಾರೂ ಗುದ್ದಲಿ ಹಾಕಬಾರದು. ಹಾಗೆಯೇ ಹಳೆಯ ಗೋಡೆ, ಬಾವಿಯ ಕಲ್ಲುಸಂದಿಗಳಲ್ಲಿ ಹಕ್ಕಿ ಹಿಕ್ಕೆಯಿಂದ ಹುಟ್ಟಿದ ಆಲ, ಅರಳಿ, ಬಸರಿ ಸಸಿಗಳಿರುತ್ತವೆ. ಬಿಟ್ಟರೆ ಗೋಡೆ ಸೀಳುತ್ತವೆ, ತೆಗೆದರೆ ಗೋಡೆ ಉಳಿಯುತ್ತದೆ, ತಟ್ಟೆಗೊಂದು ಒಳ್ಳೆಯ ಮರವೂ ಆಗುತ್ತದೆ.

ಬನ್ನಿ, ಕರಿಜಾಲಿ, ಬಾರಿ, ಹುಣಸೆ ಬೇಕೆನ್ನುವವರು ಬೀಜದಿಂದ ಬೆಳೆಸಲಿ. ಹುಣಸೆ ಎಲ್ಲಕ್ಕಿಂತ ಸುಲಭ. ಚೌಕಾಬಾರ ಆಡಲು ಬೀಜ ಅರೆದು ಇಟ್ಟುಕೊಳ್ಳುತ್ತೀರಲ್ಲ, ಅದರಲ್ಲಿ ಅರೆಯದ ನಾಲ್ಕು ಬೀಜ ಒಂದು ರಾತ್ರಿ ನೆನೆಸಿ ಹಾಕಿದರೆ ಸಾಕು. ಸಂಜೆಯಾದರೆ ಎಲೆ ಮಡಚಿ ಮಲಗುವ ಈ ಗಿಡ ಮಕ್ಕಳಿಗೆ ಬಹಳ ಪ್ರೀತಿ. ಅರಬರು ಹುಣಸೆಯನ್ನು ತಮರ್ ಹಿಂದಿ, ಅಂದರೆ ಹಿಂದೂಸ್ತಾನದ ಖರ್ಜೂರ ಎಂದರು. ಇಂಗ್ಲಿಷಿನ ಟ್ಯಾಮರಿಂಡ್ ಅದರಿಂದಲೇ ಹುಟ್ಟಿತು. ಮರದ ಮೂಲ ಮಾತ್ರ ಆಫ್ರಿಕ. ಕರಿಜಾಲಿ ಮತ್ತು ಬನ್ನಿಯ ಬೀಜದ ಸಿಪ್ಪೆ ಗಟ್ಟಿ. ಕುದಿದ ನೀರನ್ನು ಒಲೆಯಿಂದ ಇಳಿಸಿ ಬೀಜ ಹಾಕಿ, ರಾತ್ರಿಯಿಡೀ ಬಿಟ್ಟರೆ ಸಿಪ್ಪೆ ಮೆತ್ತಗಾಗುತ್ತದೆ. ಮೇಕೆಯ ಹೊಟ್ಟೆ ಮಾಡುವ ಕೆಲಸವನ್ನು ಬಿಸಿನೀರು ಮಾಡುತ್ತದೆ. ಬೇವಿನ ಬೀಜವನ್ನು ಮಾತ್ರ ಹಣ್ಣು ಉದುರಿದ ಒಂದೆರಡು ವಾರದೊಳಗೆ ಹಾಕಬೇಕು, ತಡವಾದರೆ ಮೊಳೆಯುವ ಶಕ್ತಿ ಹೋಗುತ್ತದೆ. ಬಾರಿ ಗಿಡದ ಬಗ್ಗೆ ನಿಮಗೆ ಹೇಳಬೇಕಿಲ್ಲ. ಮಯ್ಯತ್‌ನ ಗುಸುಲ್‌ಗೆ ಇದರ ಎಲೆ ಹಾಕಿ ಕಾಯಿಸಿದ ನೀರು ಬೇಕು. ಆ ಕಾರಣಕ್ಕಾದರೂ ಪ್ರತಿ ಕಬ್ರಸ್ತಾನದ ಬಾಗಿಲಲ್ಲಿ ಒಂದು ಬಾರಿ ಗಿಡ ನೆಲದಲ್ಲೇ ಬೆಳೆಯಲಿ, ತಟ್ಟೆಯಲ್ಲಿ ಅದರ ಮರಿ ಇರಲಿ.

ಮರುಭೂಮಿ ಗುಲಾಬಿ ಎಂದು ನರ್ಸರಿಗಳಲ್ಲಿ ಮಾರುವ ಅಡೇನಿಯಂ ಬಗ್ಗೆಯೂ ಕೇಳುತ್ತಾರೆ. ಆಫ್ರಿಕ, ಯೆಮೆನ್, ಒಮಾನ್ ಕಡೆಯ ಗಿಡ. ಉಬ್ಬಿದ ಬುಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ನಮ್ಮ ಬಿಸಿಲಿಗೆ ಚೆನ್ನಾಗಿ ಹೂ ಬಿಡುತ್ತದೆ. ಆದರೆ ಅದರ ಹಾಲು ವಿಷ, ಆಫ್ರಿಕದಲ್ಲಿ ಬಾಣದ ತುದಿಗೆ ಹಚ್ಚುತ್ತಿದ್ದರು. ಮನೆಯಲ್ಲಿ ದೊಡ್ಡವರು ಬೆಳೆಸಲಿ, ಚಿಕ್ಕ ಮಕ್ಕಳ ಕೈಗೆ ಬೇಡ.

ಖರ್ಚಿನ ಮಾತು. ಬೋನ್ಸಾಯ್ ಶ್ರೀಮಂತರ ಶೋಕಿ ಎನ್ನುವವರು ನಮ್ಮ ಶಾಲೆಯ ಸಾಮಾನು ನೋಡಬೇಕು. ಎರೆ ಮಣ್ಣು ತಟ್ಟೆಗೆ ಆಗದು. ಮಳೆಗೆ ಅಂಟಾಗಿ ಬೇರು ಕೊಳೆಸುತ್ತದೆ, ಬಿಸಿಲಿಗೆ ಬಿರಿದು ಬೇರು ಹರಿಯುತ್ತದೆ. ಅದಕ್ಕೆ ಜರಡಿ ಹಿಡಿದ ದಪ್ಪ ಮರಳು ಎರಡು ಪಾಲು, ಜೋಳಕ್ಕಿಂತ ದಪ್ಪ, ಕಡಲೆಗಿಂತ ಸಣ್ಣಗೆ ಕುಟ್ಟಿದ ಇಟ್ಟಿಗೆ ಚೂರು ಒಂದು ಪಾಲು, ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಬೆರೆಸುತ್ತೇವೆ. ಸಿರುಗುಪ್ಪದ ಕಡೆ ರೈಸ್ ಮಿಲ್ಲಿನ ಹೊಟ್ಟಿಗೆ ಬರವಿಲ್ಲ. ಹೊಟ್ಟನ್ನು ಸುಟ್ಟು, ಬೂದಿಯಾಗುವ ಮುನ್ನ, ಕಪ್ಪಾಗಿದ್ದಾಗಲೇ ನೀರು ಚಿಮುಕಿಸಿ ಆರಿಸಿ ಎರಡು ಹಿಡಿ ಸೇರಿಸುತ್ತೇವೆ. ಜಪಾನಿನವರೂ ಸುಟ್ಟ ಹೊಟ್ಟನ್ನು ಗಿಡದ ಮಣ್ಣಿಗೆ ಬಳಸುತ್ತಾರೆ. ತಂತಿಗೆ ಮೋಟಾರು ರಿವೈಂಡಿಂಗ್ ಅಂಗಡಿಯ ಹಳೆಯ ತಾಮ್ರದ ಎಳೆಗಳನ್ನು ಎರಡು ಮೂರು ಸೇರಿಸಿ ಹೊಸೆದರೆ ಸಾಕು. ತಟ್ಟೆಗೆ ಗಾರೆ ಕೆಲಸದ ಹಳೆಯ ಪುಟ್ಟಿ, ಒಡೆದ ಕಡಪ ಕಲ್ಲಿನ ಚಪ್ಪಡಿ. ಜಾಲಿ ಕಡಪದಿಂದ ಬಂತು, ಕೂರಲು ಕಲ್ಲೂ ಕಡಪದ್ದೇ ಸಿಕ್ಕಿತು.

ಗಿಡವನ್ನು ಹೀಗೆ ಬಗ್ಗಿಸಿ ಕತ್ತರಿಸುವುದು ಹಿಂಸೆಯಲ್ಲವೇ ಎಂದು ಒಬ್ಬ ತಾಯಿ ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. ಬದುವಿನ ಜಾಲಿ ಮೇಕೆಯ ಬಾಯಿಗೂ ಕೊಡಲಿಗೂ ದಿನವೂ ಸಿಗುತ್ತದೆ. ತಟ್ಟೆಯ ಗಿಡಕ್ಕೆ ಕತ್ತರಿ ಬಿದ್ದರೂ ಮಣ್ಣು, ಗೊಬ್ಬರ, ನೀರು ಹೊತ್ತಿಗೆ ಸಿಗುತ್ತದೆ. ಉಪವಾಸ ಕೆಡವಿ ಗಿಡ್ಡ ಮಾಡುವುದು ಬೋನ್ಸಾಯ್ ಅಲ್ಲ, ಹೊಟ್ಟೆಗೆ ಹಾಕಿ ತಿದ್ದುವುದು ಬೋನ್ಸಾಯ್. ನಿಜವಾದ ಹಿಂಸೆ ನೀರು ಮರೆಯುವುದು. ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಬೆಳಿಗ್ಗೆ ತುಂಬಿದ ತಟ್ಟೆ ಮಧ್ಯಾಹ್ನಕ್ಕೆ ಒಣಗಿರುತ್ತದೆ. ಎರಡು ಹೊತ್ತು ನೀರು ಬೇಕು, ಮಧ್ಯಾಹ್ನದ ನೆರಳು ಬೇಕು, ತಟ್ಟೆಯನ್ನು ಒದ್ದೆ ಮರಳಿನ ಮೇಲೆ ಇಡಬೇಕು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಾಗ ಈ ಗಿಡಗಳನ್ನು ಯಾರು ನೋಡಬೇಕು? ಮಕ್ಕಳೇ ದಾರಿ ಕಂಡುಕೊಂಡರು. ಶಾಲೆಯ ಸುತ್ತಲ ಓಣಿಯ ಮಕ್ಕಳು ಗಿಡಗಳನ್ನು ಹಂಚಿಕೊಂಡು ಮನೆಗೆ ಒಯ್ದರು. ಜೂನ್‌ನಲ್ಲಿ ತಂದು ಒಪ್ಪಿಸಿದರು.

ಈ ಒಪ್ಪಿಸುವುದು ಎಂಬ ಮಾತಿನಲ್ಲೇ ನಾನು ಇಷ್ಟೆಲ್ಲ ಹೇಳಿದ್ದರ ಸಾರ ಇದೆ. ಅಮೆರಿಕದ ವಾಷಿಂಗ್ಟನ್ ನಗರದ ರಾಷ್ಟ್ರೀಯ ಸಸ್ಯೋದ್ಯಾನದಲ್ಲಿ ಜಪಾನಿನ ಒಂದು ಬಿಳಿ ಪೈನ್ ಬೋನ್ಸಾಯ್ ಇದೆ. ಅದನ್ನು 1625ರಿಂದ ತಟ್ಟೆಯಲ್ಲಿ ಸಾಕುತ್ತಾ ಬಂದಿದ್ದಾರೆ. ಅದು ಹಿರೋಶಿಮಾದ ಯಾಮಾಕಿ ಕುಟುಂಬದಲ್ಲಿತ್ತು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದದ್ದು ಅವರ ಮನೆಯಿಂದ ಸುಮಾರು ಮೂರು ಕಿಲೋಮೀಟರು ದೂರದಲ್ಲಿ. ಕಿಟಕಿಯ ಗಾಜು ಪುಡಿಯಾಯಿತು, ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು. 1976ರಲ್ಲಿ ಮಸಾರು ಯಾಮಾಕಿ ಅದನ್ನು ಅಮೆರಿಕಕ್ಕೇ ಕಾಣಿಕೆಯಾಗಿ ಕೊಟ್ಟರು. 2001ರಲ್ಲಿ ಅವರ ಮೊಮ್ಮಕ್ಕಳು ನೋಡಲು ಹೋಗಿ ಹೇಳುವವರೆಗೆ ಅದು ಬಾಂಬಿನಿಂದ ಉಳಿದ ಮರ ಎಂಬುದು ಅಲ್ಲಿನವರಿಗೆ ತಿಳಿದಿರಲಿಲ್ಲ. ತಲೆಮಾರುಗಳು ಒಬ್ಬರಿಂದ ಒಬ್ಬರಿಗೆ ನೀರಿನ ಚೊಂಬು ದಾಟಿಸಿದ್ದರಿಂದ ಆ ಮರ ಉಳಿದಿದೆ.

ನಮ್ಮ ಶಾಲೆಯಲ್ಲೂ ಅದೇ ಲೆಕ್ಕ. ಎಂಟನೆಯ ತರಗತಿಯಲ್ಲಿ ಪ್ರತಿ ಮಗು ಒಂದು ಗಿಡ ಹಿಡಿಯುತ್ತದೆ, ಹತ್ತನೆಯ ತರಗತಿಯ ಕೊನೆಗೆ ಅದನ್ನು ಹೊಸದಾಗಿ ಎಂಟಕ್ಕೆ ಬಂದ ಮಗುವಿಗೆ ಒಪ್ಪಿಸುತ್ತದೆ. ಪ್ರತಿ ಗಿಡಕ್ಕೆ ಒಂದು ನೋಟ್‌ಬುಕ್ ಇದೆ. ಎಡಪುಟ ಕನ್ನಡ, ಬಲಪುಟ ಉರ್ದು. ಬೇರು, ಜಡ್, ತೊಗಟೆ, ಛಾಲ್, ಮುಳ್ಳು, ಕಾಂಟಾ, ಕೊಂಬೆ, ಶಾಖ್. ಇಂದು ನೀರು ಹಾಕಿದೆ, ಇಂದು ಒಂದು ರೆಂಬೆ ಸವರಿದೆ ಎಂದು ಎರಡು ಭಾಷೆಯಲ್ಲಿ ಎರಡು ಸಾಲು. ಪ್ರಬಂಧ ಎಂದರೆ ಹೆದರುತ್ತಿದ್ದ ಮಕ್ಕಳು ಗಿಡದ ಬಗ್ಗೆ ಪುಟ ತುಂಬುತ್ತಿದ್ದಾರೆ. ಇದ್ದಿಲು ಮನೆಯ ಆ ಹುಡುಗನ ನೋಟ್‌ಬುಕ್ಕನ್ನು ಆಸಕ್ತರು ಇಂದೇ ನೋಡಿಕೊಂಡು ಹೋಗಬಹುದು.

ಪಾಲಕರಲ್ಲಿ ಒಂದು ಮಾತು. ಆ ನೋಟ್‌ಬುಕ್ಕುಗಳು ನಮಗೆ ಇನ್ನೊಂದನ್ನೂ ತೋರಿಸುತ್ತವೆ. ಮೆಣಸಿನಕಾಯಿ ಬಿಡಿಸುವ ಕಾಲ, ಹತ್ತಿ ಬಿಡಿಸುವ ಕಾಲ ಬಂದರೆ ಕೆಲವು ಪುಟ ಖಾಲಿ ಬೀಳುತ್ತವೆ. ಮದುವೆಯ ಮಾತು ಬಂದ ಹೆಣ್ಣುಮಗುವಿನ ಪುಸ್ತಕ ಒಂಬತ್ತನೆಯ ತರಗತಿಗೇ ನಿಂತುಬಿಡುತ್ತದೆ. ಅವರ ಗಿಡಕ್ಕೆ ಬೇರೆ ಮಕ್ಕಳು ನೀರು ಹಾಕುತ್ತಾರೆ, ಗಿಡ ಬದುಕುತ್ತದೆ. ಆ ಮಗುವಿನ ಮೂರು ವರ್ಷವನ್ನು ಬೇರೆಯವರು ಓದಿಕೊಡಲಾಗುವುದಿಲ್ಲ. ಗಿಡ ಹಿಡಿದ ಪ್ರತಿ ಮಗು ಹತ್ತನೆಯ ತರಗತಿಯ ಕೊನೆಯ ದಿನ ತನ್ನ ಕೈಯಾರೆ ಅದನ್ನು ಒಪ್ಪಿಸಲು ಶಾಲೆಯಲ್ಲಿ ಇರಬೇಕು. ಪುಸ್ತಕದಲ್ಲಿ ವಾರ ಎರಡು ವಾರ ಖಾಲಿ ಕಂಡರೆ ನಾವು ಶಿಕ್ಷಕರು ನಿಮ್ಮ ಮನೆ ಬಾಗಿಲಿಗೆ ಬರುತ್ತೇವೆ. 'ಗಿಡ ಕೇಳ್ತಾ ಐತಿ, ಮಗು ಎಲ್ಲಿ?' ಎಂದು ಕೇಳುತ್ತೇವೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ, ಒಂದು ಲೋಟ ಚಹಾ ಕೊಟ್ಟು ಉತ್ತರ ಹೇಳಿ.

ಸಂಘದಲ್ಲಿ ನನ್ನ ಬಿನ್ನಹ ಮೂರು. ಬೇಸಿಗೆಗೆ ಹಸಿರು ಪರದೆಯ ಒಂದು ನೆರಳಿನ ಮನೆ ಮತ್ತು ಒಂದು ನೀರಿನ ಟ್ಯಾಂಕಿಗೆ ಸಹಾಯ ಮಾಡಿ. ಊರಿನ ಸುತ್ತ ಹೊಲ ಇರುವ ಸದಸ್ಯರು ಬದುವಿನ ಹಳೆಯ ಬನ್ನಿ, ಕರಿಜಾಲಿ, ಬಾರಿ ಮರಗಳನ್ನು ಎಣಿಸಿ ಮಕ್ಕಳಿಗೆ ಲೆಕ್ಕ ಕೊಡಿ, ಅವರು ಅದನ್ನು ಬರೆದಿಡುತ್ತಾರೆ. ಜೆಸಿಬಿ ಕರೆಸುವ ಮುನ್ನ ಆ ಲೆಕ್ಕವನ್ನು ಒಮ್ಮೆ ನೆನೆಯಿರಿ. ಕೊನೆಯದಾಗಿ, ಈ ವರ್ಷ ಗಿಡ ಒಪ್ಪಿಸುವ ದಿನ ಪಾಲಕರೆಲ್ಲರೂ ಬನ್ನಿ.

ವಿದ್ಯಾರ್ಥಿಗಳೇ, ಸಬರ್ ಎಂಬ ಮಾತಿನ ಅರ್ಥವನ್ನು ನಿಘಂಟಿನಲ್ಲಿ ತಾಳ್ಮೆ ಎಂದು ಓದಿದ್ದೀರಿ. ನಾಳೆ ಬೆಳಿಗ್ಗೆ ಏಳು ಗಂಟೆಗೆ ನೀರಿನ ಪಾಳಿ ಯಾರದು ಎಂಬುದನ್ನು ಫಲಕದಲ್ಲಿ ಬರೆದು ಹಾಕಿದ್ದೇನೆ, ಹೋಗುವಾಗ ನೋಡಿಕೊಂಡು ಹೋಗಿ.